ತಿಳಿ ರಕ್ತ

ಕುಣಿಕೋಣೂರಿನಲ್ಲಿ ಆ ಕಾಲಕ್ಕೆ ಹೆಂಗಸರ ಮೈಯಲ್ಲಿ ಎಷ್ಟು ರಕ್ತವಿದೆಯೆಂದು ಅವರ ದನಿ ಕೇಳಿಯೇ ಹೇಳಿಬಿಡುತ್ತಿದ್ದರು. ಆ ಲೆಕ್ಕದಲ್ಲಿ ಗಾಣದ ಮಲಕವ್ವನಿಗೆ ಸರಿಜೋಡಿ ಸುತ್ತಲಿನ ಊರುಗಳಲ್ಲೂ ಇರಲಿಲ್ಲ. ಗಾಣದ ಮನೆಯೊಳಗೆ ನಿಂತು ಅವಳು ಎತ್ತನ್ನು ಒಮ್ಮೆ ಗದರಿದರೆ ಗುಡಿಯ ಕಟ್ಟೆಯ ಮೇಲೆ ಅಡ್ಡಾದವರು ಎದ್ದು ಕೂಡುತ್ತಿದ್ದರು. ದುಂಡನೆಯ ಮೈ, ಕೆಂಪಗೆ ಹೊಳೆಯುವ ಮುಖ, ಕುಸುಬಿ ಎಣ್ಣೆಯ ವಾಸನೆ ಹಿಡಿದ ಸೀರೆ. ಗಂಡ ಗುರುಲಿಂಗಪ್ಪ ಮಾತು ಕಡಿಮೆಯವನು. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡಿ ಮುಗಿಸುತ್ತಾಳೆ, ಪಾಪ, ಅವನಿಗೆ ಏನು ಉಳಿಯಬೇಕು ಎಂದು ಜನ ನಗುತ್ತಿದ್ದರು.

ಮೈತುಂಬ ರಕ್ತವಿದ್ದವರಿಗೆ ತಲೆನೋವು ತಪ್ಪಿದ್ದಲ್ಲ ಎಂಬುದೂ ಊರಿನ ನಂಬಿಕೆಯೇ. ಮಲಕವ್ವನಿಗೆ ನಲವತ್ತು ದಾಟಿದ ಮೇಲೆ ಹಿಂದಲೆಯಲ್ಲಿ ನೋವು ಶುರುವಾಯಿತು. ಬೆಳಗ್ಗೆ ಏಳುವಾಗ ಯಾರೋ ಕುತ್ತಿಗೆಯ ಮೇಲೆ ಮೊಣಕೈ ಊರಿದ ಹಾಗೆ. ಅದಕ್ಕೆ ಮದ್ದು ಬೇರೆ ಊರಿನಿಂದ ಬರಬೇಕಾಗಿರಲಿಲ್ಲ. ಊರ ಅಂಚಿನಲ್ಲಿ ಕೊಂಬಿನ ಭರಮಣ್ಣ ಇದ್ದ.

ಭರಮಣ್ಣನ ವಿದ್ಯೆ ಅವನ ಅಪ್ಪನಿಂದ ಬಂದದ್ದು. ತುದಿಯಲ್ಲಿ ಸಣ್ಣ ತೂತು ಕೊರೆದ ಆಕಳ ಕೊಂಬು, ಒಂದು ಕ್ಷೌರದ ಕತ್ತಿ, ಒಂದು ಉಂಡೆ ಮೇಣ, ಒಂದು ಬಿಳಿಯ ಪಿಂಗಾಣಿ ಬಸಿ, ಇಷ್ಟೇ ಅವನ ಸಾಮಾನು. ನೋವಿದ್ದವರ ಬೆನ್ನ ಮೇಲ್ಭಾಗದಲ್ಲಿ ನವಿರಾಗಿ ಗೀರು ಹಾಕುತ್ತಿದ್ದ. ಕೊಂಬಿನ ಅಗಲ ಬಾಯನ್ನು ಅಲ್ಲಿ ಒತ್ತಿಟ್ಟು, ತುದಿಯ ತೂತಿನಿಂದ ಉಸಿರೆಳೆದು, ನಾಲಿಗೆಯಿಂದಲೇ ಮೇಣ ತಳ್ಳಿ ತೂತು ಮುಚ್ಚುತ್ತಿದ್ದ. ಕೊಂಬು ಮೈ ಕಚ್ಚಿ ನಿಲ್ಲುತ್ತಿತ್ತು. ತುಸು ಹೊತ್ತು ಬಿಟ್ಟು ಅದನ್ನು ಬಿಡಿಸಿ, ಒಳಗೆ ಕೂಡಿದ ರಕ್ತವನ್ನು ಬಸಿಗೆ ಸುರಿದು ನೋವಿನವರಿಗೇ ತೋರಿಸುತ್ತಿದ್ದ. ದಪ್ಪಗೆ ಕಪ್ಪಗೆ ಬಿದ್ದರೆ ಕೆಟ್ಟ ರಕ್ತ, ಅದು ಹೊರಗೆ ಬಂದದ್ದೇ ಪುಣ್ಯ. ತಿಳಿಯಾಗಿ ಬಿದ್ದರೆ ಒಳಗೆಲ್ಲ ಸ್ವಚ್ಛವಾಯಿತು. ಅವನ ಅಪ್ಪ ಹಾಗೆಂದು ಕಲಿಸಿದ್ದ, ಅವನಪ್ಪನಿಗೆ ಅವನಪ್ಪ.

ಮಲಕವ್ವ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬೆನ್ನು ಒಡ್ಡುತ್ತಿದ್ದಳು. ಕೆಲವು ದಿನ ತಲೆ ಹಗುರಾಗುತ್ತಿತ್ತು. ಹಾಗೇ ನಡೆದಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಜತ್ತ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಕಳೆದಿರಬೇಕು. ಕುಸುಬಿಯ ಸುಗ್ಗಿ. ಎತ್ತಿನ ಹಿಂದೆ ಗಾಣ ಸುತ್ತುತ್ತಿದ್ದ ಮಲಕವ್ವ ತಲೆ ತಿರುಗಿ ಹಿಂಡಿಯ ರಾಶಿಯ ಮೇಲೆ ಬಿದ್ದಳು. ಗುರುಲಿಂಗಪ್ಪ ಯಾರನ್ನೂ ಕೇಳದೆ ಚಕ್ಕಡಿ ಹೂಡಿ ಅವಳನ್ನು ಜತ್ತಕ್ಕೆ ಒಯ್ದ. ಅಲ್ಲಿ ಹೊಸದಾಗಿ ದವಾಖಾನೆ ಇಟ್ಟಿದ್ದ ಡಾಕ್ಟರು ಮರಾಠಿಯವರು, ಒಳ್ಳೆಯ ಮನುಷ್ಯರು, ಕನ್ನಡ ಮಾತ್ರ ಅವರ ನಾಲಿಗೆಗೆ ಹತ್ತಿರಲಿಲ್ಲ. ಅದಕ್ಕೆಂದೇ ತಮ್ಮಣ್ಣ ಎಂಬ ಕಂಪೌಂಡರನನ್ನು ಇಟ್ಟುಕೊಂಡಿದ್ದರು. ಡಾಕ್ಟರು ಮಲಕವ್ವನ ತೋಳಿಗೆ ಬಟ್ಟೆ ಸುತ್ತಿ ಗಾಳಿ ಒತ್ತಿದರು. ಗಾಜಿನ ಕೊಳವೆಯಲ್ಲಿ ಪಾದರಸ ಏರಿತು, ಇಳಿಯಿತು. ಅವರು ಎರಡು ಸಲ ನೋಡಿ ಹೇಳಿದರು:

“ರಕ್ತದಾಬ ವಾಢಲಾಯ, ಬಾಯಿ.”

ರಕ್ತದ ಒತ್ತಡ ಏರಿದೆ, ತಾಯಿ ಎಂದು ಅದರ ಅರ್ಥ. ತಮ್ಮಣ್ಣ ಕನ್ನಡದಲ್ಲಿ ಹೇಳಲು ಬಾಯಿ ತೆರೆದ. ಮಲಕವ್ವ ತಡೆದಳು. ಜತ್ತದ ಪೇಟೆಯಲ್ಲಿ ಎಣ್ಣೆ ಮಾರಿ ಮುದುಕಿಯಾಗುತ್ತ ಬಂದಿದ್ದೇನೆ, ನನಗೆ ಮರಾಠಿ ನೀನು ಕಲಿಸಬೇಡ ಎಂದಳು.

ಅವಳ ಮರಾಠಿ ಪೇಟೆಗೆ ಸಾಕಾಗುವಂಥದ್ದೇ. ಆದರೆ ಒಂದು ಸೂಕ್ಷ್ಮ ಅದರಲ್ಲಿ ಇರಲಿಲ್ಲ, ನಮ್ಮ ಕಡೆ ಎಷ್ಟೋ ಜನರ ಮರಾಠಿಯಲ್ಲಿ ಇರುವುದಿಲ್ಲ. ಕನ್ನಡದಲ್ಲಿ ಜೀವವಿಲ್ಲದ್ದೆಲ್ಲ ‘ಅದು’. ಮರಾಠಿಯಲ್ಲಿ ಕಲ್ಲು ಮಣ್ಣಿಗೂ ಗಂಡು ಹೆಣ್ಣು ಉಂಟು. ಏರಿದ್ದು ರಕ್ತವೇ ಆಗಿದ್ದರೆ ಡಾಕ್ಟರು ‘ವಾಢಲಂಯ’ ಅನ್ನುತ್ತಿದ್ದರು. ರಕ್ತ ಅಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲ. ದಾಬ ಗಂಡು, ಅದಕ್ಕೇ ‘ವಾಢಲಾಯ’ ಅಂದರು. ಅಷ್ಟು ಸಣ್ಣ ಸ್ವರದಲ್ಲಿ ಇಷ್ಟು ದೊಡ್ಡ ಭೇದ ಇದ್ದೀತೆಂದು ಮಲಕವ್ವನ ಕಿವಿಗೆ ಗೊತ್ತಾಗಬೇಕಾದರೂ ಹೇಗೆ? ಅವಳು ಕೇಳಿಸಿಕೊಂಡದ್ದು ರಕ್ತ ಹೆಚ್ಚಾಗಿದೆ ಎಂದು. ನಡುವಿನ ‘ದಾಬ’ ಅವಳಿಗೆ ಸೊಂಟದ ಡಾಬಿನ ಹಾಗೆ ಕೇಳಿಸಿತು, ಅದನ್ನು ನಗೆಗೆ ಇಟ್ಟುಕೊಂಡಳು.

“ಮದಿವ್ಯಾದಾಗಿಂದ ಬಂಗಾರದ ಡಾಬ ಮಾಡಸ್ರಿ ಅಂತ ಹೇಳೇ ಹೇಳೀನಿ,” ಎಂದು ಬಾವಿಯ ಕಟ್ಟೆಯಲ್ಲಿ ಹೆಂಗಸರಿಗೆ ಹೇಳಿದಳು. “ಇವರೇನ ಮಾಡಸಲಿಲ್ಲ. ಡಾಕ್ಟರ ಪುಣ್ಯಾತ್ಮ, ರಕ್ತದ ಡಾಬ ಕಟ್ಟಿ ಕಳಿಸ್ಯಾನ.”

ಊರು ಹೇಳುತ್ತಿದ್ದುದನ್ನೇ ಡಾಕ್ಟರೂ ಹೇಳಿದನಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ಅವರು ಕೊಟ್ಟ ಔಷಧ ತೀರಿದ ಮೇಲೆ ಮತ್ತೆ ತರಲಿಲ್ಲ. ಉಪ್ಪು ಕಡಿಮೆ ಮಾಡಿರೆಂದಿದ್ದರು, ಆ ಮಾತನ್ನೂ ನಡೆಸಲಿಲ್ಲ. ಬದಲಿಗೆ ರಕ್ತ ಬೆಳೆಸುವ ತಿನಿಸು ಎಂದು ಬೆಲ್ಲ, ಎಳ್ಳು, ರಾಜಗಿರಿ ಸೊಪ್ಪು ಇವನ್ನು ತಾನೇ ದೂರ ಮಾಡಿದಳು. ವರ್ಷಕ್ಕೊಮ್ಮೆ ಬರುತ್ತಿದ್ದ ಕೊಂಬು ಇನ್ನು ಅಮಾಸಿಗೊಮ್ಮೆ ಬರತೊಡಗಿತು.

ಹೀಗೆ ವರ್ಷಗಳು ಹೋದವು. ಭರಮಣ್ಣನ ಬಸಿಯಲ್ಲಿ ಬೀಳುವ ರಕ್ತ ಮೊದಲು ಕಪ್ಪಗಿದ್ದದ್ದು ಕೆಂಪಾಯಿತು, ಕೆಂಪಗಿದ್ದದ್ದು ತೆಳುವಾಯಿತು. ಕೊನೆಗೆ ಬಸಿಯ ತಳದ ಬಿಳುಪು ಅದರೊಳಗಿಂದ ಕಾಣುವಷ್ಟು ತಿಳಿಯಾಯಿತು. ಭರಮಣ್ಣನಿಗೆ ಅದು ತನ್ನ ಜೀವಮಾನದ ಗೆಲುವು. ಇಷ್ಟು ಶುದ್ಧ ರಕ್ತವನ್ನು ನನ್ನಪ್ಪನೂ ತೆಗೆದಿರಲಿಕ್ಕಿಲ್ಲ ಎಂದು ಬಸಿಯನ್ನು ಬಿಸಿಲಿಗೆ ಹಿಡಿದು ತೋರಿಸಿದ. ಮಲಕವ್ವ ಕೈಮುಗಿದಳು.

ಅವಳ ದನಿಯೂ ತಿಳಿಯಾಗುತ್ತ ಬಂದಿತ್ತು. ಎತ್ತನ್ನು ಗದರುವುದು ನಿಂತಿತು. ಸೊಸೆ ಸಿದ್ದಲಿಂಗವ್ವ ಮಜ್ಜಿಗೆ ಚೆಲ್ಲಿದರೆ, ಹೋಗಲಿ ಬಿಡು ಅನ್ನುತ್ತಿದ್ದಳು. ಗಾಣದ ಹತ್ತಿರ ಒಂದು ಮಣೆ ಹಾಕಿಕೊಂಡು ಕೂತರೆ ಏಳುವುದೇ ಕಡಿಮೆ. ಊರ ಜನ ಇದನ್ನೂ ಮೆಚ್ಚಿದರು. ವಯಸ್ಸಾಯಿತು, ಮಾಗಿದಳು, ಮಠದ ಸ್ವಾಮಿಗಳ ಪ್ರವಚನ ಕೇಳಿದ ಫಲ ಎಂದರು. ಅವಳು ಪ್ರವಚನಕ್ಕೆ ಹೋಗಿ ಕೂತಲ್ಲೇ ತೂಕಡಿಸುತ್ತಿದ್ದುದನ್ನು ಧ್ಯಾನ ಎಂದುಕೊಂಡವರೂ ಇದ್ದರು.

ಇದನ್ನು ಮೆಚ್ಚದವಳು ಒಬ್ಬಳೇ. ಸಿದ್ದಲಿಂಗವ್ವನ ತಾಯಿ, ವಳಸಂಗದ ರುಕ್ಮವ್ವ.

ರುಕ್ಮವ್ವನದು ಸೆಟೆದ ಕೋಲಿನಂಥ ಮೈ. ಬೀಗತಿಯರಿಬ್ಬರೂ ಎದುರಾದರೆ ಕಾಲು ತೊಳೆಯುವ ನೀರು ಬರುವುದಕ್ಕೆ ಮೊದಲೇ ಕುಚೋದ್ಯ ಶುರುವಾಗುತ್ತಿತ್ತು. ನಮ್ಮಲ್ಲಿ ಬೀಗರು ಬೀಗರನ್ನು ಕೆಣಕದಿದ್ದರೆ ಸಂಬಂಧ ಹಳಸಿದೆ ಎಂದೇ ಅರ್ಥ. ಆ ಸಲ ದೀಪಾವಳಿಗೆ ಬಂದ ರುಕ್ಮವ್ವ ಅಂಗಳದಲ್ಲಿ ನಿಂತೇ ಮೊದಲ ಕಲ್ಲು ಎಸೆದಳು.

“ಏನ್ರಿ ಬೀಗತಿ, ಕುಂತ ಬಿಟ್ಟೀರಲ್ಲ. ಗಾಣ ಎಣ್ಣಿ ಹಿಂಡತದೋ, ನಿಮ್ಮನ್ನ ಹಿಂಡತದೋ?”

“ಬಂದ್ರೇನು? ಚಲೋ ಆತು ಬರ್ರಿ, ಕುಂದ್ರಿ,” ಎಂದಳು ಮಲಕವ್ವ, ನಕ್ಕು.

ರುಕ್ಮವ್ವ ನಿಂತಲ್ಲೇ ನಿಂತಳು. ಉಣ್ಣುವಾಗ ರೊಟ್ಟಿಯ ದಪ್ಪದ ಮೇಲೆ ಇನ್ನೊಂದು ಮಾತು ಎಸೆದು ನೋಡಿದಳು. ಅದಕ್ಕೂ ಮಲಕವ್ವ ಹೂಂ ಅಂದಳು ಅಷ್ಟೇ. ಎದ್ದು ಕೈತೊಳೆಯಲು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡದ್ದನ್ನು ರುಕ್ಮವ್ವ ನೋಡಿದಳು. ಒಳಗೆ ಹೋಗಿ ಮಗಳನ್ನು ಕೇಳಿದಳು, ನಿಮ್ಮತ್ತಿಗೆ ಏನಾಗ್ಯಾದ ಎಂದು. ಏನಿಲ್ಲ, ಈಗ ಭಾಳ ಶಾಂತ ಆಗ್ಯಾರ ಎಂದಳು ಸಿದ್ದಲಿಂಗವ್ವ.

“ಶಾಂತ ಆಗಿಲ್ಲ ಹುಚ್ಚಿ. ಸೋತಾಳ.”

ಮರುದಿನವೇ ಅವಳು ಗುರುಲಿಂಗಪ್ಪನಿಗೆ ಚಕ್ಕಡಿ ಹೂಡಿಸಿದಳು. ಮಲಕವ್ವ ಬೇಡವೆಂದಳು, ಆದರೆ ಬೇಡವೆನ್ನುವ ದನಿಯಲ್ಲೂ ಬಲವಿರಲಿಲ್ಲ.

ಡಾಕ್ಟರು ಅವಳನ್ನು ಗುರುತಿಸಿದರು. ಮೊದಲು ತೋಳಿಗೆ ಬಟ್ಟೆ ಸುತ್ತಿದರು. ದಾಬ ಹಿಂದಿನಂತೆಯೇ ಏರಿತ್ತು. ಆಮೇಲೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಮತ್ತೊಂದು ಕಣ್ಣಿನದನ್ನೂ ನೋಡಿದರು. ಅವರ ಮುಖ ಬದಲಾಯಿತು. ಬೆರಳ ತುದಿ ಚುಚ್ಚಿ, ಒಂದು ಹನಿಯನ್ನು ನವಿರಾದ ನಳಿಕೆಯಿಂದ ಎಳೆದು, ಸಣ್ಣ ಗಾಜಿನ ಕೊಳವೆಗೆ ಬಿಟ್ಟರು. ಅದಕ್ಕೊಂದು ಔಷಧ ಸೇರಿಸಿದ್ದರಿಂದ ರಕ್ತ ಕಂದುಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ಅದೇ ಬಣ್ಣದ ಇನ್ನೊಂದು ಗಾಜು ಇತ್ತು. ಎರಡೂ ಒಂದೇ ಸಮ ಕಾಣುವವರೆಗೆ ಹನಿಹನಿಯಾಗಿ ನೀರು ಬೆರೆಸಬೇಕು. ನೀರು ಎಷ್ಟು ಹಿಡಿಯಿತೋ ರಕ್ತ ಅಷ್ಟು ಗಟ್ಟಿ. ಮಲಕವ್ವನ ರಕ್ತ ಹೆಚ್ಚು ನೀರು ಹಿಡಿಯಲಿಲ್ಲ. ಮತ್ತೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನ ಕೆಳಗೆ ಬಹಳ ಹೊತ್ತು ಎಣಿಸಿದರು. ಎದ್ದು ತಮ್ಮಣ್ಣನಿಗೆ ಏನೋ ಹೇಳಿದರು.

ಈ ಸಲ ತಮ್ಮಣ್ಣನನ್ನು ಯಾರೂ ತಡೆಯಲಿಲ್ಲ. “ಅವ್ವಾರ, ಹದಿನಾರಾಣಿ ರಕ್ತ ಇರಬೇಕಾದಲ್ಲಿ ನಿಮ್ಮ ಮೈಯಾಗ ಎಂಟಾಣಿ ಅದ, ಬರೇ ಅರ್ಧ,” ಎಂದ.

“ನಮ್ಮ ಬೀಗತಿ ಎಂಟಾಣಿ ಬುದ್ಧಿಯಾಕಿ ಅನ್ನೂದು ನಾ ಮೊದಲಿಂದ ಹೇಳಾಕತ್ತೀನಿ,” ಎಂದಳು ರುಕ್ಮವ್ವ. ಹೇಳಿದ ಮೇಲೆ ಡಾಕ್ಟರ ಮುಖ ನೋಡಿ ಬೀಗತಿಯ ಹತ್ತಿರ ಸರಿದಳು.

ಎಲ್ಲಾದರೂ ರಕ್ತ ಹೋಗುತ್ತಿದೆಯೇ ಎಂದು ಡಾಕ್ಟರು ತಮ್ಮಣ್ಣನಿಂದ ಕೇಳಿಸಿದರು. ಮಲಕವ್ವ ಸಂಕೋಚವಿಲ್ಲದೆ ಎಲ್ಲ ಹೇಳಿದಳು. ಅಮಾಸಿಗೊಮ್ಮೆ ಕೊಂಬು ಹಚ್ಚಿಸುವುದು, ಬೆಲ್ಲ ಎಳ್ಳು ಬಿಟ್ಟದ್ದು, ರಕ್ತ ತಿಳಿಯಾದದ್ದು. “ನೀವ ಹೇಳಿದ್ದಿರಲ್ರಿ ಸಾಹೇಬ್ರ, ರಕ್ತ ಹೆಚ್ಚಾಗ್ಯಾದ ಅಂತ. ಅದಕ್ಕ ತಗಿಸೀನಿ.”

ತಮ್ಮಣ್ಣ ಇದನ್ನು ಮರಾಠಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರು ಕುರ್ಚಿಗೆ ಕೂತಿದ್ದರು. ಬೈಯಲಿಲ್ಲ. ಆ ದಿನ ಅವಳಿಗೆ ಅರ್ಥವಾಯಿತೇ ಎಂದು ತಾವು ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು ಎಂದರಂತೆ. ಆಮೇಲೆ ತಮ್ಮಣ್ಣ ಬಿಡಿಸಿ ಹೇಳಿದ: ದಾಬ ಬೇರೆ, ರಕ್ತ ಬೇರೆ. ದಾಬ ಅಂದರೆ ಒತ್ತು. ರಕ್ತ ಹರಿಯುವಾಗ ನಾಳದ ಗೋಡೆಯನ್ನು ಎಷ್ಟು ಒತ್ತುತ್ತದೆ ಅನ್ನುವುದು ಅದು. ರಕ್ತ ಅರ್ಧ ಆದರೂ ಒತ್ತು ಹಾಗೇ ಇರಬಹುದು.

ಮಲಕವ್ವ ಕಣ್ಣು ಮುಚ್ಚಿ ಕೂತಳು. ಹುಟ್ಟಿದ್ದು ಗಾಣದ ಮನೆಯಲ್ಲಿ, ಬಂದದ್ದು ಗಾಣದ ಮನೆಗೆ. ಒತ್ತು ಅಂದರೇನೆಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ.

“ಅಂದ್ರ ಗಾಣದಾಗ ಕಾಳು ಕಡಿಮಿ ಬಿದ್ದರೂ ಒನಕಿ ಒತ್ತೂದೇನ ಬಿಡೂದಿಲ್ಲ,” ಎಂದಳು ನಿಧಾನವಾಗಿ. “ನಾ ಒತ್ತ ಕಡಿಮಿ ಆಗಲಿ ಅಂತ ಕಾಳು ತಗದ ತಗದ ಚೆಲ್ಲೀನಿ.”

ಡಾಕ್ಟರು ಹೇಳುವುದು ಇನ್ನೂ ಉಳಿದಿತ್ತು. ಅದನ್ನು ಅವರು ಮೆಲ್ಲನೆ, ನಡುವೆ ನಿಂತು ನಿಂತು ಹೇಳಿದರು. ಈ ರಕ್ತ ಕಡಿಮೆಯಾದದ್ದಕ್ಕೆ ಎರಡು ಕಾರಣ ಇರಬಹುದು. ಒಂದು ಕೊಂಬು. ಇನ್ನೊಂದು ಮೂತ್ರಪಿಂಡ. ದಾಬ ವರ್ಷಗಟ್ಟಲೆ ಏರಿಯೇ ಇದ್ದರೆ ಮೂತ್ರಪಿಂಡಗಳು ಕೆಡುತ್ತವೆ. ಅವು ಕೆಟ್ಟರೆ ಮೈ ಹೊಸ ರಕ್ತ ಮಾಡುವುದನ್ನು ಬಿಡುತ್ತದೆ. ದಾಬ ತಾನು ಒಳಗೆ ಏನು ಮಾಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುವುದಿಲ್ಲ, ರಕ್ತವನ್ನೇ ಕೇಳಬೇಕು. ಕೊಂಬು ಪೂರ್ತಿ ಬಿಡಿ, ಉಣ್ಣಿ ತಿನ್ನಿ, ಕಬ್ಬಿಣದ ಔಷಧ ಕುಡಿಯಿರಿ, ದಾಬಿಗೆ ಸರ್ಪಗಂಧದ ಗುಳಿಗೆ ನುಂಗಿರಿ, ಉಪ್ಪು ಇಳಿಸಿರಿ. ಕುಸುಬಿಯ ಸುಗ್ಗಿ ಮುಗಿದ ಮೇಲೆ ಬನ್ನಿ, ಮತ್ತೆ ಎಣಿಸುತ್ತೇನೆ. ರಕ್ತ ಏರಿದ್ದರೆ ಕೊಂಬಿನದೇ ತಪ್ಪು, ನೀವು ಬದುಕುತ್ತೀರಿ. ಏರದಿದ್ದರೆ...

ತಮ್ಮಣ್ಣ ಅಲ್ಲಿಗೆ ನಿಲ್ಲಿಸಿದ. ಡಾಕ್ಟರು ಮುಂದಿನದನ್ನು ಹೇಳಿದ್ದರೋ ಇಲ್ಲವೋ ಯಾರೂ ಕೇಳಲಿಲ್ಲ.

ಚಕ್ಕಡಿ ಊರ ಕಡೆ ತಿರುಗಿತು. ಅರ್ಧ ದಾರಿಯಲ್ಲಿ ರುಕ್ಮವ್ವ, ಕಬ್ಬಿಣ ಕುಡಿಸುವುದಕ್ಕೆ ಡಾಕ್ಟರು ಬೇಕಿತ್ತೇ, ನಿಮ್ಮ ನಾಲಿಗೆಯನ್ನೇ ಚೀಪಿದ್ದರೆ ಆಗುತ್ತಿತ್ತು ಎಂದಳು. ಯಾರೂ ನಗಲಿಲ್ಲ. ಅವಳು ವಳಸಂಗಕ್ಕೆ ಹೋಗುವ ಮಾತೂ ಎತ್ತಲಿಲ್ಲ. ಸುಗ್ಗಿ ಮುಗಿಯುವವರೆಗೆ ಬೀಗತಿಯ ಮನೆಯಲ್ಲೇ ಉಳಿದಳು. ಮಗಳ ಮನೆಯಲ್ಲಿ ಅಷ್ಟು ದಿನ ಕೂತು ಉಣ್ಣುವುದು ನಮ್ಮ ಕಡೆ ಸಣ್ಣ ಮಾತಲ್ಲ. ಆಡಿಕೊಂಡವರು ಆಡಿಕೊಂಡರು. ಅವಳು ತಾನೇ ರಾಜಗಿರಿ ಸೊಪ್ಪು ಸೋಸಿ, ಎಳ್ಳಿನ ಉಂಡೆ ಕಟ್ಟಿ, ಎದುರು ಕೂತು ತಿನ್ನಿಸುತ್ತಿದ್ದಳು. ಉಪ್ಪಿನ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಳೋ ಸಿದ್ದಲಿಂಗವ್ವನಿಗೂ ಗೊತ್ತಾಗಲಿಲ್ಲ.

ಅಮಾಸಿ ಬಂತು. ಭರಮಣ್ಣನೂ ಬಂದ. ಗಂಟು ಬಿಚ್ಚಿ ಕೊಂಬು ಒರೆಸುತ್ತಿದ್ದವನಿಗೆ ಮಲಕವ್ವ, ಇನ್ನು ಬೇಡ ಎಂದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅವನಿಗೆ ಮೊದಲು ಸಿಟ್ಟು ಬಂತು. ಎಷ್ಟು ತಲೆಮಾರಿನ ವಿದ್ಯೆ, ಎಷ್ಟು ಜನ ಹಗುರಾಗಿ ಎದ್ದು ಹೋಗಿದ್ದಾರೆ, ಒಂದು ಗಾಜಿನ ಕೊಳವೆ ಬಂದು ಅದನ್ನು ಸುಳ್ಳು ಮಾಡುತ್ತದೆಯೇ ಎಂದ. ಆಮೇಲೆ ಬಸಿಯನ್ನು ಕೈಗೆ ತೆಗೆದುಕೊಂಡು ಖಾಲಿ ತಳವನ್ನೇ ನೋಡುತ್ತ ಕೂತ.

“ತಿಳಿ ಆತು, ತಿಳಿ ಆತು ಅಂತ ನಾ ಹಿಗ್ಗೀನಿ,” ಎಂದ. “ಅದು ಸ್ವಚ್ಛ ಆಗಿದ್ದಲ್ಲ ಅಂದ್ರ. ತೀರಾಕತ್ತಿತ್ತು.”

“ನಿನ್ನ ತಪ್ಪಲ್ಲ ಬಿಡು ಭರಮಣ್ಣ. ಕೇಳಿಸಿಕೊಂಡಾಕಿ ನಾ.”

“ನೋಡಿದಾಂವ ನಾ ಅಲ್ಲೇನು, ತಂಗೀ?”

ಬಸಿಯನ್ನು ಗಂಟಿನೊಳಗೆ ಕಟ್ಟಿಕೊಂಡು ಅವನು ಎದ್ದ.

ಚಳಿಗಾಲದ ನಡುವೆ ನೋವು ಮತ್ತೆ ಹಿಂದಲೆಗೆ ಬಂದು ಕೂತಿತು. ಗುಳಿಗೆ ತೆಗೆದುಕೊಂಡರೆ ನಿದ್ದೆ ಬರುತ್ತಿತ್ತು, ನೋವು ಪೂರಾ ಹೋಗುತ್ತಿರಲಿಲ್ಲ. ಒಂದು ಬೆಳಗ್ಗೆ ನೋವು ತಡೆಯಲಾರದೆ ಮಲಕವ್ವ, ರುಕ್ಮವ್ವ ಹಿತ್ತಲಿಗೆ ಹೋದ ಹೊತ್ತು ನೋಡಿ, ಗೋಡೆ ಹಿಡಿದುಕೊಂಡು ಭರಮಣ್ಣನ ಗುಡಿಸಲಿಗೆ ನಡೆದಳು. ಒಂದೇ ಒಂದು ಸಲ, ಬೊಗಸೆಯಷ್ಟೂ ಬೇಡ, ಚೂರು ತೆಗೆದುಬಿಡು ಎಂದು ಅಂಗಲಾಚಿದಳು. ಒಂದು ಸಲಕ್ಕೆ ಏನಾಗುತ್ತದೆ? ಭರಮಣ್ಣ ಎದ್ದು ಅವಳಿಗೆ ಕಂಬಳಿ ಹಾಸಿ ಕೂರಿಸಿದ. ಗಂಟನ್ನು ಮುಟ್ಟಲಿಲ್ಲ. ಒಂದು ಸಲ ತೆಗೆದರೆ ಸುಗ್ಗಿಯಲ್ಲಿ ಡಾಕ್ಟರು ಎಣಿಸುವ ಲೆಕ್ಕ ತಪ್ಪುತ್ತದೆ, ಆಗ ಕೆಟ್ಟದ್ದು ಕೊಂಬೋ ಮೂತ್ರಪಿಂಡವೋ ಗೊತ್ತಾಗುವುದು ಹೇಗೆ ಎಂದು ಕೇಳಿದ. ಅವಳಿಗೆ ಹೇಳಿದ್ದನ್ನು ಅವಳಿಗಿಂತ ಗಟ್ಟಿಯಾಗಿ ಅವನು ಹಿಡಿದಿಟ್ಟುಕೊಂಡಿದ್ದ. ರುಕ್ಮವ್ವ ಹುಡುಕುತ್ತ ಬರುವವರೆಗೆ ಅವನು ಅವಳ ಎದುರು ಕೂತೇ ಇದ್ದ. ಮಲಕವ್ವ ತಲೆ ಹಿಡಿದುಕೊಂಡು ಅತ್ತಳು. ಅವಳು ಅಳುವುದನ್ನು ಊರಲ್ಲಿ ಅದಕ್ಕೆ ಮೊದಲು ನೋಡಿದವರಿಲ್ಲ.

ಕುಸುಬಿ ಕೊಯ್ಲಾಯಿತು. ಮುಳ್ಳಿಗೆ ಹೆದರಿ ಜನ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ರಾಶಿ ಮಾಡಿದರು. ಹೊಸ ಕಾಳು ಗಾಣಕ್ಕೆ ಬರತೊಡಗಿತು. ಮಲಕವ್ವ ಅರ್ಧ ದಿನ ನಿಂತು ಕೆಲಸ ನೋಡುವಷ್ಟಾಗಿದ್ದಳು. ಆದರೆ ನಿಲ್ಲುವುದು ಬೇರೆ, ರಕ್ತದ ಲೆಕ್ಕ ಬೇರೆ. ನಿಂತದ್ದು ಬರೇ ಎಳ್ಳುಂಡೆಯ ಬಲವೋ ಏನೋ ಎಂದು ಅವಳಿಗೇ ಅನುಮಾನ.

ಜತ್ತದಲ್ಲಿ ರುಕ್ಮವ್ವ ದವಾಖಾನೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಒಳಗೆ ಬರಲಾರೆ, ನೀವು ಹೋಗಿ ಬನ್ನಿ ಎಂದಳು. ಒಳಗೆ ಮತ್ತೆ ತೋಳಿಗೆ ಬಟ್ಟೆ, ಮತ್ತೆ ಬೆರಳಿಗೆ ಸೂಜಿ. ಡಾಕ್ಟರು ಕೊಳವೆಗೆ ನೀರು ಬೆರೆಸಿದರು. ಬಣ್ಣ ಇನ್ನೂ ಗಾಢವಾಗಿತ್ತು. ಇನ್ನಷ್ಟು ಬೆರೆಸಿದರು, ಇನ್ನಷ್ಟು ಬೆರೆಸಿದರು. ಮಲಕವ್ವ ಆ ಹನಿಗಳನ್ನೇ ನೋಡುತ್ತಿದ್ದಳು. ಒಂದೊಂದು ಹನಿ ನೀರು ಹಿಡಿದಾಗಲೂ ತನ್ನ ಬದುಕು ತುಸು ಉದ್ದವಾದಂತೆ ಅನ್ನಿಸಿತು. ಆಮೇಲೆ ಅವರು ದುರ್ಬೀನಿಗೆ ಬಗ್ಗಿ ಎಣಿಸಿದರು. ಎಣಿಸಿ ಮುಗಿಸಿ, ಈ ಸಲ ತಮ್ಮಣ್ಣನ ಕಡೆ ನೋಡದೆ ಅವಳನ್ನೇ ಕರೆದು, ನೋಡುತ್ತೀರಾ ಎಂದು ಕೈಸನ್ನೆ ಮಾಡಿದರು.

ಮಲಕವ್ವ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಚೌಕಾಬಾರ ಆಡುವ ಮನೆಗಳ ಹಾಗೆ ಗೆರೆ ಎಳೆದ ಚೌಕಗಳು. ಪ್ರತಿ ಮನೆಯಲ್ಲೂ ದುಂಡನೆಯ ಸಣ್ಣ ಸಣ್ಣ ಬಿಲ್ಲೆಗಳು. ಕೆಂಪಗಿರಲಿಲ್ಲ, ಮಾಸಲು ಹಳದಿ. ರಕ್ತ ಇದೇನು ಎಂದು ಕೇಳಿದಳು. ಇವೇ ಎಂದ ತಮ್ಮಣ್ಣ. ಒಂದೊಂದಾಗಿ ನೋಡಿದರೆ ಬಣ್ಣ ಕಾಣುವುದಿಲ್ಲ, ಎಲ್ಲ ಕೂಡಿದರೆ ಕೆಂಪು. ಇವು ಎಷ್ಟು ದಿನ ಬದುಕುತ್ತವೆ ಎಂದು ಕೇಳಿದಳು. ಸುಮಾರು ನಾಲ್ಕು ತಿಂಗಳು, ಆಮೇಲೆ ಹಳೆಯವು ಹೋಗಿ ಹೊಸವು ಬರುತ್ತವೆ. ಹಾಗಾದರೆ ದೀಪಾವಳಿಗೆ ತನ್ನ ಮೈಯಲ್ಲಿದ್ದವುಗಳಲ್ಲಿ ಈಗ ಬಹುಮಟ್ಟಿಗೆ ಒಂದೂ ಉಳಿದಿಲ್ಲ. ಈ ಚೌಕಗಳಲ್ಲಿ ಕೂತವರೆಲ್ಲ ಆಮೇಲೆ ಹುಟ್ಟಿದವರು. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಡಾಕ್ಟರೂ ಅವಸರ ಮಾಡಲಿಲ್ಲ.

ಹನ್ನೆರಡಾಣೆ ಆಗಿದೆ ಎಂದರು. ಮೈ ರಕ್ತ ಮಾಡುವುದನ್ನು ಬಿಟ್ಟಿಲ್ಲ. ದಾಬ ಇಳಿದಿದೆ, ಹೋಗಿಲ್ಲ. ವರ್ಷಕ್ಕೆರಡು ಸಲ ಬಂದು ಎರಡನ್ನೂ ಅಳೆಸಿಕೊಳ್ಳಬೇಕು, ಒಂದನ್ನೇ ಅಳೆದರೆ ಸಾಲದು.

ಹೊರಗೆ ಬಂದ ಮಲಕವ್ವ ಮೆಟ್ಟಿಲ ಮೇಲೆ ರುಕ್ಮವ್ವನ ಪಕ್ಕದಲ್ಲಿ ಕೂತಳು. ರುಕ್ಮವ್ವ ಪೇಟೆಯ ಕಡೆಗೇ ನೋಡುತ್ತಿದ್ದಳು.

“ದಾಬ ಹೋಗೂದಿಲ್ಲಂತ, ರುಕ್ಮವ್ವ,” ಎಂದಳು ಮಲಕವ್ವ. ಬೀಗತಿ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಸಾಯೂತನಕ ಗುಳಗಿ ನುಂಗಬೇಕಂತ. ಆದ್ರ ಒಳಗ ಕೆಟ್ಟಿಲ್ಲಂತ.”

ರುಕ್ಮವ್ವ ಮಲಕವ್ವನ ಕೈ ಎಳೆದು ತೊಡೆಯ ಮೇಲಿಟ್ಟುಕೊಂಡಳು. ಸೂಜಿ ಚುಚ್ಚಿದ ಬೆರಳ ತುದಿಯಲ್ಲಿ ಇನ್ನೂ ಒಂದು ಹನಿ ನಿಂತಿತ್ತು. ಅದನ್ನು ತನ್ನ ಸೆರಗಿನಿಂದ ಗಟ್ಟಿಯಾಗಿ ಒತ್ತಿ ಹಿಡಿದಳು.